ಅಟ್ಟದಿಂದ ಇಳಿದ ಕಬ್ಬಿಣ

ಚಂದಗುಳಿಗೆ ಹೊರಗಿನವರು ಬರುವುದು ಘಂಟೆ ಗಣಪತಿಯ ದರ್ಶನಕ್ಕೆ. ಯಲ್ಲಾಪುರ ತಾಲೂಕಿನ ಈ ದೇವಸ್ಥಾನದಲ್ಲಿ ಹರಕೆ ತೀರಿಸಿದವರು ಕಟ್ಟಿಹೋದ ಘಂಟೆಗಳು ಗೊಂಚಲುಗೊಂಚಲಾಗಿ ತೂಗುತ್ತವೆ. ಅಲ್ಲಿಗೆ ಬಂದ ಲೋಹವನ್ನು ದೇವರ ಹೆಸರಿನಲ್ಲಿ ಕಾಪಾಡುವವರಿದ್ದಾರೆ. ಅದೇ ದಾರಿಯ ಆಚೀಚೆ, ಅಡಕೆ ತೋಟಗಳ ತಲೆಯ ಮೇಲೆ ಕುಳಿತ ಹಳೆಯ ಮನೆಗಳಲ್ಲಿ ಇನ್ನೊಂದು ಬಗೆಯ ಲೋಹವಿದೆ. ಅಟ್ಟದ ಮೂಲೆಯಲ್ಲಿ, ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ ಗೂಟದಲ್ಲಿ, ಬಚ್ಚಲ ಹಿಂದಿನ ಕಟ್ಟಿಗೆ ರಾಶಿಯ ಅಡಿಯಲ್ಲಿ ಬಿದ್ದಿರುವ ಕತ್ತಿ, ಬಾಚಿ, ಉಳಿ, ಬೈರಿಗೆ, ಹಾರೆ, ಮೆಟ್ಟುಗತ್ತಿ. ಮೂರು ನಾಲ್ಕು ತಲೆಮಾರು ಈ ಸೀಮೆಯ ಬದುಕು ಕಟ್ಟಿದ್ದು ಇವುಗಳಿಂದ. ಇವನ್ನು ಕಾಯುವವರು ಯಾರೂ ಇಲ್ಲ. ಈ ಅಧ್ಯಾಯ ಅಂಥ ಉಪಕರಣಗಳನ್ನು ಹುಡುಕುವುದು, ಗುರುತಿಸುವುದು, ಉಳಿಸುವುದು ಹೇಗೆ ಎಂಬುದರ ಬಗ್ಗೆ.

ಅಮೆರಿಕದಲ್ಲಿ ಮನೆಯ ಯಜಮಾನ ತೀರಿಕೊಂಡ ಮೇಲೆ ಮನೆಯ ಬಾಗಿಲು ತೆರೆದಿಟ್ಟು, ಒಳಗಿರುವುದಕ್ಕೆಲ್ಲ ಬೆಲೆಯ ಚೀಟಿ ಅಂಟಿಸಿ ಎರಡು ಮೂರು ದಿನ ಮಾರುವ ರೂಢಿಯಿದೆ. ಹಳೆಯ ಕೈ ಉಪಕರಣ ಸಂಗ್ರಹಿಸುವವರಿಗೆ ಅದೇ ಸುಗ್ಗಿ. ನಮ್ಮಲ್ಲಿ ಹಾಗಿಲ್ಲ. ಹೋದವರ ವಸ್ತುಗಳನ್ನು ಅಂಗಳದಲ್ಲಿ ಹರವಿ ಮಾರುವುದು ನಮ್ಮ ಮನಸ್ಸಿಗೆ ಒಗ್ಗುವುದೂ ಇಲ್ಲ. ಆದರೆ ವಸ್ತುಗಳು ಮನೆ ಬಿಡುವ ಗಳಿಗೆ ಇಲ್ಲಿಯೂ ಬರುತ್ತದೆ. ಒಂದು, ಹಿಸ್ಸೆಯಾದಾಗ. ಕೂಡುಕುಟುಂಬ ಪಾಲಾಗುವಾಗ ಗದ್ದೆ, ತೋಟ, ಬಂಗಾರ ಎಲ್ಲವೂ ಪಟ್ಟಿಯಾಗುತ್ತವೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆಗಳು ತೂಕವಾಗಿ ಪಟ್ಟಿ ಸೇರುತ್ತವೆ. ಕಬ್ಬಿಣವನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ. ಯಾರ ಪಾಲಿಗೂ ಬಾರದ ಕತ್ತಿ, ಗುದ್ದಲಿಗಳು ಹಳೆಯ ಮನೆಯಲ್ಲೇ ಉಳಿದು, ಯಾರವೂ ಅಲ್ಲದವಾಗುತ್ತವೆ.

ಎರಡನೆಯದು ಮನೆ ಕೆಡಹುವಾಗ. ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ, ಮುಖ್ಯವಾಗಿ 2014ರ ಆಸುಪಾಸಿನಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಹೋಗಿ ತಾರಸಿ ಮನೆಗಳು ಎದ್ದವು. ಕೆಡಹುವ ಮನೆಯ ನಾಟಾಕ್ಕೆ ಗಿರಾಕಿಗಳು ಮೊದಲೇ ಬಂದು ನಿಂತಿರುತ್ತಾರೆ. ಕೆತ್ತನೆಯ ಕಂಬ, ಬಾಗಿಲವಾಡ, ತೊಲೆಗಳಿಗೆ ದೊಡ್ಡ ಬೆಲೆ. ಆ ಕಂಬವನ್ನು ಕೆತ್ತಿದ ಉಳಿ ಅದೇ ಮನೆಯ ಅಟ್ಟದಲ್ಲಿದ್ದರೆ ಅದಕ್ಕೆ ಗುಜರಿಯ ಬೆಲೆ. ಮೂರನೆಯದು, ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದ ಮನೆ. ಹಳೆ ಕಬ್ಬಿಣ, ಹಳೆ ಪೇಪರು ಎಂದು ಧ್ವನಿವರ್ಧಕ ಕೂಗುತ್ತ ಗಾಡಿ ಬಂದಾಗ ಒಂದು ಚೀಲ ಖಾಲಿಯಾದರೆ ಅವರಿಗೆ ಅಷ್ಟೇ ಹಗುರ. ಅಲ್ಲಿಂದ ಹೊರಟದ್ದು ಹುಬ್ಬಳ್ಳಿಯ ದಾರಿ ಹಿಡಿದು ಕರಗುವ ಕುಲುಮೆಗೆ ಸೇರುತ್ತದೆ. ದಾರಿಯಲ್ಲಿ ಯಾರಾದರೂ ತೆಗೆದಿಟ್ಟರೆ ಬೆಂಗಳೂರಿನ ಭಾನುವಾರದ ಸಂತೆಯಲ್ಲೋ ಜೆ.ಸಿ. ರಸ್ತೆಯ ಗುಜರಿಯಲ್ಲೋ ಕಾಣಿಸಿಕೊಂಡೀತು. ಆದರೆ ಅಷ್ಟರಲ್ಲಿ ಅದರ ಊರು, ಮನೆ, ಹೆಸರು, ಕೆಲಸ ಎಲ್ಲವೂ ಅಳಿಸಿಹೋಗಿರುತ್ತವೆ.

ಇಂಥದೇ ಗುಜರಿಯ ರಾಶಿಯಿಂದ ಒಂದು ದೊಡ್ಡ ಸಂಗ್ರಹಾಲಯ ಹುಟ್ಟಿದ್ದುಂಟು. 1897ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಹೆನ್ರಿ ಮರ್ಸರ್ ಎಂಬ ಪುರಾತತ್ತ್ವಜ್ಞ ಹಳೆಯ ಒಲೆಯ ಇಕ್ಕಳ ಹುಡುಕಿಕೊಂಡು ಹಳೆ ಸಾಮಾನಿನವನ ಬಳಿಗೆ ಹೋದ. ರೈತರ ಮನೆಗಳಿಂದ ಬಂದು ಬಿದ್ದಿದ್ದ ಉಪಕರಣಗಳ ರಾಶಿ ಅಲ್ಲಿತ್ತು. ಆತ ಅಲ್ಲಿಯವರೆಗೆ ನೆಲ ಅಗೆದು ಪ್ರಾಚೀನ ಮನುಷ್ಯನ ಕಲ್ಲಿನ ಆಯುಧ ಹುಡುಕುತ್ತಿದ್ದವನು. ತನ್ನ ಅಜ್ಜಂದಿರ ಕಾಲದ ಉಪಕರಣಗಳೂ ಅಷ್ಟೇ ಬೆಲೆಯುಳ್ಳ ಸಾಕ್ಷ್ಯ, ಅವು ಮಣ್ಣಿನಡಿ ಸೇರುವ ಮೊದಲೇ ಎತ್ತಿಕೊಳ್ಳಬೇಕು ಎಂದು ಅವನಿಗೆ ಹೊಳೆಯಿತು. 1916ರಲ್ಲಿ ಡಾಯ್ಲ್ಸ್‌ಟೌನಿನಲ್ಲಿ ತೆರೆದ ಅವನ ಸಂಗ್ರಹಾಲಯ ಇಂದಿಗೂ ಇದೆ. ಯಂತ್ರ ಬಂದು ಕೈಕಸುಬು ಸರಿಯುತ್ತಿದ್ದ ಕಾಲದಲ್ಲಿ ಅವನು ಕಣ್ಣು ತೆರೆದ. ಮಲೆನಾಡಿನ ಅಡಕೆ ಸೀಮೆಗೆ ಆ ಕಾಲ ಬಂದಿರುವುದು ಈಗ. ಅಡಕೆ ಸುಲಿಯುವ ಯಂತ್ರ ಮನೆಮನೆಗೆ ಬಂತು. ಮರ ಹತ್ತುವ ಕೊನೆಗಾರನ ಬದಲು ನೆಲದ ಮೇಲೆಯೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂತು. ಇವೆರಡೂ ಒಳ್ಳೆಯವೇ, ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡವರು ಯಾರೂ ಹಳೆಯ ಕಾಲವೇ ಇರಲಿ ಎನ್ನಲಾರರು. ಆದರೆ ಹೋಗುತ್ತಿರುವುದನ್ನು ತಿಳಿದುಕೊಂಡು ಕಳಿಸಿಕೊಡುವ ಜವಾಬ್ದಾರಿ ನಮ್ಮದು.

ಸಂಗ್ರಹ ಮಾಡುವವರು ಮೊದಲು ಕಲಿಯಬೇಕಾದದ್ದು ಕತ್ತಿಯನ್ನು ಓದುವುದು. ಈ ಸೀಮೆಯ ಉಪಕರಣಗಳಲ್ಲಿ ಹಿರಿಯದು ಕತ್ತಿಯೇ. ಅದಕ್ಕೆ ಕಾರಣ ಇಲ್ಲಿನ ಬೇಸಾಯದಲ್ಲಿದೆ. ಅಡಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು. ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇಲ್ಲಿತ್ತು. ಆ ಬೆಟ್ಟದ ಮರ ಹತ್ತಿ ಟೊಂಗೆ ಸವರುವುದು, ಹಸಿಸೊಪ್ಪು ಹೊರೆ ಕಟ್ಟುವುದು, ಬೇಲಿ ಕಡಿಯುವುದು, ಬಾಳೆಗೊನೆ ಇಳಿಸುವುದು ಎಲ್ಲವೂ ಕತ್ತಿಯ ಕೆಲಸ. 1801ರಲ್ಲಿ ಸೋಂದೆ, ಯಲ್ಲಾಪುರಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಕೆ ತೋಟಗಳ ಬಗ್ಗೆ ದೀರ್ಘವಾಗಿ ಬರೆದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವನು ಕಂಡ ತೋಟಗಾರಿಕೆಯ ಬಹುಪಾಲು ಮೊನ್ನೆಮೊನ್ನೆಯವರೆಗೂ ಕತ್ತಿಯ ಅಲಗಿನ ಮೇಲೆಯೇ ನಡೆದಿತ್ತು.

ಹೆಗ್ಗತ್ತಿ, ಸೊಪ್ಪುಗತ್ತಿ, ಕೊನೆಗತ್ತಿ, ಹುಲ್ಲು ಕೊಯ್ಯುವ ಹಲ್ಲುಗತ್ತಿ — ಒಂದೊಂದಕ್ಕೂ ಬಾಗು ಬೇರೆ, ತೂಕ ಬೇರೆ. ಮರದ ಮೇಲೆ ನಿಂತು ಒಂದೇ ಕೈಯಲ್ಲಿ ಬೀಸುವ ಕತ್ತಿಗೆ ತೂಕ ಮೂತಿಯ ಕಡೆಗಿರುತ್ತದೆ; ಬೀಸಿದಾಗ ಅದೇ ಎಳೆದುಕೊಂಡು ಹೋಗಬೇಕು. ಎಳೆದು ಕೊಯ್ಯುವ ಕತ್ತಿಗೆ ಹಕ್ಕಿಯ ಕೊಕ್ಕಿನಂಥ ಬಾಗು. ಕೈಗೆ ತೆಗೆದುಕೊಂಡು ಹಿಡಿಯಲ್ಲಿ ಸಡಿಲವಾಗಿ ಆಡಿಸಿದರೆ ಅದು ಯಾವ ಕೆಲಸದ್ದೆಂದು ಅರ್ಧ ಗೊತ್ತಾಗುತ್ತದೆ. ಉಳಿದರ್ಧ ಸವೆತದಿಂದ. ಅಲಗನ್ನು ಬೆಳಕಿಗೆ ಹಿಡಿದು ನೋಡಿ: ಎಲ್ಲಿ ತಗ್ಗಾಗಿದೆ, ಎಲ್ಲಿ ಮೂಲದ ಅಗಲ ಉಳಿದಿದೆ? ಸಾಣೆಯ ಇಳಿಜಾರು ಯಾವ ಮಗ್ಗುಲಿಗೆ ಹೆಚ್ಚು? ಎಡಗೈಯವನ ಕತ್ತಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ಹಿಡಿಯ ಮೇಲೆ ಹೆಬ್ಬೆರಳು ಊರಿದ ಜಾಗ ನುಣುಪಾಗಿ ಕುಳಿ ಬಿದ್ದಿದ್ದರೆ ಅದನ್ನು ಒಬ್ಬರೇ ಬಹುಕಾಲ ಹಿಡಿದಿದ್ದರು ಎಂದರ್ಥ. ಕತ್ತಿಯ ಜೊತೆಗೆ ಸೊಂಟದ ಹಿಂದೆ ಕಟ್ಟಿಕೊಳ್ಳುವ ಕೊಕ್ಕೆಯೂ ಸಿಕ್ಕರೆ ಎರಡನ್ನೂ ಬೇರ್ಪಡಿಸಬೇಡಿ. ಕೊಕ್ಕೆಯ ಸಂದಿನ ಸವೆತವೂ ಕತ್ತಿಯ ಬೆನ್ನಿನ ಸವೆತವೂ ಒಂದಕ್ಕೊಂದು ಕೂಡುತ್ತವೆ, ಅಂಥ ಜೋಡಿ ಮತ್ತೆ ಸಿಗದು.

ಲೋಹದ ಒಳಗಿನ ಕಥೆ ಇನ್ನೂ ಸೊಗಸು. ಹಳೆಯ ಕಮ್ಮಾರಿಕೆಯಲ್ಲಿ ಉಕ್ಕು ದುಬಾರಿ, ಮೆದು ಕಬ್ಬಿಣ ಅಗ್ಗ. ಆದ್ದರಿಂದ ಮೈಯೆಲ್ಲ ಮೆದು ಕಬ್ಬಿಣದಲ್ಲಿ ತಟ್ಟಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಬೆಸೆಯುತ್ತಿದ್ದರು. ಎರಡನ್ನೂ ಬೆಳ್ಳಗೆ ಕಾಯಿಸಿ, ನಡುವೆ ಮಣ್ಣೋ ಬಿಳಿಗಾರವೋ ಉದುರಿಸಿ, ಅಡಿಗಲ್ಲಿನ ಮೇಲೆ ಚಮ್ಮಟಿಗೆಯಿಂದ ಹೊಡೆದರೆ ಒಂದಾಗುತ್ತವೆ. ಮೆದು ಮೈ ಪೆಟ್ಟು ತಾಳುತ್ತದೆ, ಗಟ್ಟಿ ಬಾಯಿ ಹರಿತ ಹಿಡಿಯುತ್ತದೆ. ಇಂಥ ಕತ್ತಿಯ ಅಲಗನ್ನು ನುಣ್ಣನೆಯ ಕಲ್ಲಿನಲ್ಲಿ ಒಂದಿಷ್ಟು ಉಜ್ಜಿ ನೋಡಿದರೆ ಬಾಯಿಯ ಉದ್ದಕ್ಕೂ ಒಂದು ತೆಳುಗೆರೆ ಕಾಣಿಸುತ್ತದೆ. ಹುಳಿ ತಾಗಿದರೆ ಉಕ್ಕಿನ ಭಾಗ ಹೆಚ್ಚು ಕಪ್ಪಾಗುತ್ತದೆ. ಸವೆದಾಗ ಮತ್ತೆ ಕುಲುಮೆಗೆ ಒಯ್ದು ಹೊಸ ಉಕ್ಕು ಹಾಕಿಸುತ್ತಿದ್ದರು. ಹೀಗೆ ಒಂದೇ ಕತ್ತಿಗೆ ಹಲವು ಆಯುಷ್ಯ. ಆಚಾರಿಗೆ ಪ್ರತಿ ಸಲ ದುಡ್ಡು ಕೊಡುವ ರೂಢಿಯೂ ಇರಲಿಲ್ಲ. ಸುಗ್ಗಿಯಾದ ಮೇಲೆ ಆಯದ ಭತ್ತ ಅಳೆದುಕೊಟ್ಟರೆ ವರ್ಷವಿಡೀ ಮನೆಯ ಕತ್ತಿ ಗುದ್ದಲಿಗಳ ಹದ ಅವನ ಹೊಣೆ.

ಲಾರಿಗಳು ಘಟ್ಟ ಹತ್ತತೊಡಗಿದ ಮೇಲೆ ಕುಲುಮೆಯ ಕಚ್ಚಾಮಾಲು ಬದಲಾಯಿತು. ಲಾರಿಯ ಸ್ಪ್ರಿಂಗ್ ಪಟ್ಟಿ ಇಡಿಯಾಗಿ ಉಕ್ಕು. ಅದನ್ನು ಕತ್ತರಿಸಿ ತಟ್ಟಿದರೆ ಮೈ, ಬಾಯಿ ಎರಡೂ ಒಂದೇ ಲೋಹ, ಬೆಸುಗೆಯ ಗೆರೆ ಇಲ್ಲ. ಹೀಗಾಗಿ ಗೆರೆಯಿರುವ ಕತ್ತಿ ಸಾಮಾನ್ಯವಾಗಿ ಹಿಂದಿನ ತಲೆಮಾರಿನದು, ಗೆರೆಯಿಲ್ಲದ್ದು ಮೋಟಾರು ಯುಗದ್ದು ಎಂದು ಸ್ಥೂಲವಾಗಿ ಹೇಳಬಹುದು. ಕೆಲವು ಸಣ್ಣ ಕತ್ತಿಗಳ ಮತ್ತು ಉಳಿಗಳ ಬೆನ್ನಿನಲ್ಲಿ ಅಡ್ಡಗೀರುಗಳ ಮಸುಕು ಸಾಲು ಕಾಣುತ್ತದೆ. ತುಕ್ಕೆಂದು ತಿಕ್ಕಬೇಡಿ. ಅದು ಸವೆದ ಅರದ ಹಲ್ಲು. ಅರ ಒಳ್ಳೆಯ ಉಕ್ಕು, ಅದು ಹಳತಾದಾಗ ಆಚಾರಿ ಬಿಸಾಡದೆ ಉಳಿಯಾಗಿ ತಟ್ಟಿದ್ದಾನೆ. ನನಗೆ ಇಂಥವುಗಳ ಮೇಲೆ ವಿಶೇಷ ಪ್ರೀತಿ. ವಿದೇಶಿ ಮುದ್ರೆಯ ಹೊಳೆಯುವ ಉಳಿಗಿಂತ, ಅರದ ಹಲ್ಲು ಉಳಿದ ಈ ಊರಿನ ಉಳಿ ಹೆಚ್ಚು ಹೇಳುತ್ತದೆ.

ಮೆಟ್ಟುಗತ್ತಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಸಿ ಅಡಕೆ ಸುಲಿಯಲು ಹಲಗೆಗೆ ನೆಟ್ಟಗೆ ನಿಲ್ಲಿಸಿದ ಈ ಅಲಗು ಅಡಕೆ ಸೀಮೆಯ ಪ್ರತಿ ಮನೆಯಲ್ಲಿ ಒಂದಲ್ಲ, ಹತ್ತಾರು ಇರುತ್ತಿದ್ದವು. ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಜಗುಲಿಯಲ್ಲೋ ಚಪ್ಪರದಡಿಯಲ್ಲೋ ಸಾಲಾಗಿ ಕುಳಿತು, ಲಾಟೀನಿನ ಬೆಳಕಿನಲ್ಲಿ, ಆಮೇಲೆ ಬಲ್ಬಿನ ಬೆಳಕಿನಲ್ಲಿ, ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಿದ್ದರು. ಹಲಗೆಯನ್ನು ಕಾಲಿನಿಂದ ಮೆಟ್ಟಿ, ಕಾಯನ್ನು ಅಲಗಿಗೆ ಒತ್ತಿ, ಸಿಪ್ಪೆ ಸೀಳಿ, ಬೆರಳ ತಿರುವಿನಲ್ಲಿ ಒಳಗಿನ ಅಡಕೆ ಬೇರ್ಪಡಿಸುವ ಆ ವೇಗ ಕಣ್ಣಿಗೆ ಹಿಡಿಯುವುದಿಲ್ಲ. ಸುಲಿಯುವವರಲ್ಲಿ ಹೆಂಗಸರೇ ಹೆಚ್ಚು. ಊರಿನ ಸುದ್ದಿ, ಹಾಡು, ಕಥೆಗಳೆಲ್ಲ ಹರಿದಾಡಿದ್ದು ಈ ಅಲಗುಗಳ ನಡುವೆ. ಸಂಗ್ರಹಕಾರರು ಮೆಟ್ಟುಗತ್ತಿಯನ್ನು ಸಾಮಾನ್ಯವೆಂದು ಬಿಟ್ಟು ಕೆತ್ತನೆಯ ಅಡಕತ್ತರಿಯ ಹಿಂದೆ ಹೋಗುತ್ತಾರೆ. ಪುಣೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯದಲ್ಲಿ ಹಿತ್ತಾಳೆಯ ಚಿತ್ತಾರದ ಅಡಕತ್ತರಿಗಳ ಸಾಲು ನೋಡಿದರೆ ಆ ಆಕರ್ಷಣೆ ಅರ್ಥವಾಗುವಂಥದೇ. ಆದರೆ ಅಡಕತ್ತರಿ ಅಡಕೆ ತಿನ್ನುವವರದು, ಮೆಟ್ಟುಗತ್ತಿ ಅಡಕೆ ಬೆಳೆಯುವವರದು. ಶಿರಸಿ ಸೀಮೆಯ ಸಂಗ್ರಹದಲ್ಲಿ ಇದಿಲ್ಲದಿದ್ದರೆ ಅದು ಶಿರಸಿಯದಲ್ಲ. ಹಲಗೆಯ ಮೇಲೆ ಹಿಮ್ಮಡಿ ತಾಗಿ ತಾಗಿ ಬಿದ್ದ ಗುಳಿ, ಚೊಗರು ಕುಡಿದು ಕಪ್ಪಾದ ಮರ, ಅಲಗಿನ ಒಂದೇ ಜಾಗದಲ್ಲಿ ಬಿದ್ದ ಅರ್ಧಚಂದ್ರದ ತಗ್ಗು — ಇವನ್ನು ನೋಡಿ ಆರಿಸಿ. ಹೊಸ ಹಲಗೆಗೆ ಹಳೆಯ ಅಲಗು ಜೋಡಿಸಿದ್ದು, ಹಳೆಯ ಹಲಗೆಗೆ ಹೊಸ ಅಲಗು ಜೋಡಿಸಿದ್ದು ಎರಡೂ ಸಿಗುತ್ತವೆ; ಅವು ಮೋಸವಲ್ಲ, ದುರಸ್ತಿಯ ಚರಿತ್ರೆ. ಹಾಗೆಂದು ಬರೆದಿಟ್ಟುಕೊಂಡರೆ ಸಾಕು.

ಬಡಗಿಯ ಉಪಕರಣಗಳಿಗೆ ಬಂದರೆ ಹೊರಗಿನ ಮುದ್ರೆಗಳು ಎದುರಾಗುತ್ತವೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸು ಪ್ರಾಂತದಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರವರೆಗೂ ಅಲ್ಲಿಯೇ ಇತ್ತು. ಘಟ್ಟದ ಮೇಲಿನ ಹತ್ತಿ ಕುಮಟೆ, ಕಾರವಾರದ ಬಂದರಿಗೆ ಇಳಿದು ಬೊಂಬಾಯಿಗೆ ಹೋಗುತ್ತಿತ್ತು, ಅಲ್ಲಿಂದ ವಿಲಾಯತಿ ಮಾಲು ಇತ್ತ ಬರುತ್ತಿತ್ತು. ಕೀಸುಳಿಯ ಮರದ ಮೈ ಈ ಊರಿನ ಬಡಗಿಯೇ ಮಾಡಿಕೊಂಡದ್ದು, ಅಲಗು ಮಾತ್ರ ಶೆಫೀಲ್ಡಿನದು — ಇಂಥ ಕೂಡಿಕೆಗಳನ್ನು ಗಮನಿಸಿ ನೋಡಬೇಕು. ಅಲಗನ್ನು ಹೊರತೆಗೆದರೆ ಮೇಲ್ತುದಿಯಲ್ಲಿ ಮುದ್ರೆ ಇರುತ್ತದೆ. ‘ಕಾಸ್ಟ್ ಸ್ಟೀಲ್’ ಎಂದಿದ್ದರೆ ಅದು ಎರಕದ ಕಬ್ಬಿಣವಲ್ಲ. 1740ರ ದಶಕದಲ್ಲಿ ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ, ಮೂಸೆಯಲ್ಲಿ ಕರಗಿಸಿದ ಉತ್ತಮ ಉಕ್ಕು. ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಆ ಮುದ್ರೆ ಮರೆಯಾಯಿತು. ದೇಶದ ಹೆಸರೂ ಕಾಲ ಹೇಳುತ್ತದೆ. 1887ರ ಬ್ರಿಟಿಷ್ ಕಾಯಿದೆ, 1890ರ ಅಮೆರಿಕದ ಸುಂಕದ ಕಾಯಿದೆಗಳ ನಂತರ ತಯಾರಾದ ದೇಶದ ಹೆಸರು ಒತ್ತುವುದು ಹೆಚ್ಚಾಯಿತು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು. ಟಾಟಾ ಅಗ್ರಿಕೋ ಮುದ್ರೆಯ ಗುದ್ದಲಿ, ಪಿಕಾಸಿಗಳು 1920ರ ದಶಕದ ನಂತರದ ದೇಶೀ ಕಾರ್ಖಾನೆಯವು. ಅಳತೆಪಟ್ಟಿಯಲ್ಲಿ ಇಂಚು ಮಾತ್ರ ಇದ್ದು ಸೆಂಟಿಮೀಟರು ಇಲ್ಲದಿದ್ದರೆ, ತೂಕದ ಬಟ್ಟಿನಲ್ಲಿ ಸೇರು, ರಾತ್ತಲು ಇದ್ದರೆ, ಅದು ದಶಮಾಂಶ ಪದ್ಧತಿಗೆ ಹಿಂದಿನದು. ಆ ಪದ್ಧತಿಯ ತೂಕ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದು 1962ರ ಹೊತ್ತಿಗೆ ಕಡ್ಡಾಯವಾಯಿತು.

ಮುದ್ರೆಯಿಲ್ಲದ ಉಳಿಗಳಲ್ಲಿ ಶ್ರೇಷ್ಠವಾದವು ಗುಡಿಗಾರರವು. ಶಿರಸಿ, ಸಿದ್ದಾಪುರ, ಪಕ್ಕದ ಸೊರಬ, ಸಾಗರಗಳಲ್ಲಿ ಗಂಧದ ಕೆತ್ತನೆ ಮಾಡಿಕೊಂಡು ಬಂದ ಈ ಮನೆತನಗಳ ಕೆಲಸ ಬೊಂಬಾಯಿ ಪ್ರಾಂತದ ಗ್ಯಾಸೆಟಿಯರಿನಲ್ಲಿಯೇ ದಾಖಲಾಗಿದೆ. ಉತ್ತರ ಕನ್ನಡದ ಆ ಸಂಪುಟ 1883ರದು. ಗುಡಿಗಾರನ ಪೆಟ್ಟಿಗೆಯಲ್ಲಿ ಉಳಿಗಳು ಕಡ್ಡಿಯಷ್ಟು ಸಣ್ಣದರಿಂದ ಹಿಡಿದು ಹೆಬ್ಬೆರಳಿನ ಅಗಲದವರೆಗೂ ಇರುತ್ತವೆ. ಬಾಯಿ ಚಪ್ಪಟೆ, ಓರೆ, ದುಂಡು, ಕುಳಿ. ಒಂದೊಂದು ಹೂವಿನ ಎಸಳಿಗೆ, ಎಲೆಯ ನರಕ್ಕೆ ಒಂದೊಂದು. ಇಂಥ ಪೆಟ್ಟಿಗೆ ಮಾರಾಟಕ್ಕೆ ಬಂದರೆ ಇಡಿಯಾಗಿಯೇ ಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ಚೆಂದ ಕಂಡ ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಚದುರಿಸುವುದು ಒಂದು ಗ್ರಂಥದ ನಡುವಿನ ಹಾಳೆ ಹರಿದುಕೊಂಡು ಹೋದಂತೆ. ಇನ್ನೂ ಒಂದು ಮಾತು: ಆ ಮನೆಯಲ್ಲಿ ಕೆತ್ತುವ ಮಗಳೋ ಮಗನೋ ಇದ್ದರೆ ಆ ಉಳಿಗಳನ್ನು ಕೇಳಲೂ ಹೋಗಬೇಡಿ. ಕೆಲಸ ಮಾಡುತ್ತಿರುವ ಉಪಕರಣದ ಜಾಗ ಅದನ್ನು ಹಿಡಿದವರ ಕೈಯಲ್ಲೇ.

ಅಟ್ಟದಲ್ಲಿ ಕಬ್ಬಿಣದ ನಡುವೆ ಹಿತ್ತಾಳೆಯ ಕೈಪಂಪೊಂದು ಸಿಕ್ಕೀತು. ಅದು ಕೊಳೆರೋಗದ ಔಷಧ ಹೊಡೆಯುವ ಪಂಪು. ಮಳೆಗಾಲದಲ್ಲಿ ಅಡಕೆಯ ಎಳೆಗಾಯಿ ಕೊಳೆತು ಉದುರುವ ಈ ರೋಗಕ್ಕೆ ಮೊದಲು ಇದ್ದ ಉಪಾಯವೆಂದರೆ ಕೊನೆಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುವುದು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಶಿಲೀಂಧ್ರವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಅಡಕೆ ಬೆಳೆಗಾರರಿಗೆ ಕಲಿಸಿದ. ಮೈಲುತುತ್ತ ಮತ್ತು ಸುಣ್ಣದ ಈ ದ್ರಾವಣ ಮೊದಲು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ. ಪಂಪು ಯಾಕೆ ಹಿತ್ತಾಳೆಯದು ಎಂಬುದಕ್ಕೂ ಉತ್ತರ ಮೈಲುತುತ್ತದಲ್ಲಿದೆ: ಅದರ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಇಂಥ ಪಂಪು ಸಿಕ್ಕರೆ ಒಳಗಿನ ಹಸಿರು ಪಾಚಿಯಂಥದನ್ನು ಕೈಯಿಂದ ಮುಟ್ಟಬೇಡಿ, ಅದು ವಿಷ. ಹಿತ್ತಾಳೆಯೆಂದು ಮಾರಿಹೋಗುವ ವಸ್ತುಗಳಲ್ಲಿ ಇದು ಮೊದಲನೆಯದು, ಆದ್ದರಿಂದ ಈಗ ಅಪರೂಪ.

ತಂದ ಮೇಲೆ ಏನು ಮಾಡಬೇಕು? ಬಹಳ ಜನ ಮೊದಲು ಮಾಡುವುದು ಗ್ರೈಂಡರಿಗೆ ಹಿಡಿಯುವುದು. ಅದೇ ಅನಾಹುತ. ಹದ ಹಾಕಿದ ಉಕ್ಕು ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ ತಾಳುತ್ತದೆ, 300 ಡಿಗ್ರಿಯ ಹತ್ತಿರ ನೀಲಿಯಾಗುತ್ತದೆ. ಓಡುವ ಚಕ್ರದ ಕಿಡಿಯಲ್ಲಿ ಅಂಚು ನೀಲಿಗಟ್ಟಿದರೆ ಆಚಾರಿ ಕೊಟ್ಟ ಹದ ಹೋಯಿತು, ಮುದ್ರೆ ಹೋಯಿತು, ಸವೆತದ ಗುರುತೂ ಹೋಯಿತು. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ಇಳಿಸಬೇಕು. ಸೀಮೆಎಣ್ಣೆಯಲ್ಲಿ ಒಂದೆರಡು ದಿನ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿದರೆ ಬಹಳಷ್ಟು ಬಿಡುತ್ತದೆ. ಬಿಡದಿದ್ದರೆ ಹುಣಸೆಯ ನೀರೋ ವಿನೆಗರೋ ಆಗಬಹುದು, ಆದರೆ ಹುಳಿಯಲ್ಲಿ ಮರೆತು ಬಿಟ್ಟರೆ ಒಳ್ಳೆಯ ಲೋಹವೂ ಕರಗುತ್ತದೆ. ತೊಳೆದ ಕೂಡಲೇ ಒಲೆಯ ಬಿಸಿಗೆ ಒಣಗಿಸಿ ಎಣ್ಣೆ ಸವರಬೇಕು. ಕೆಂಪಿನಡಿಯ ಕಪ್ಪು ಪದರವನ್ನು ಮಾತ್ರ ಉಳಿಸಿ; ಅದು ಲೋಹಕ್ಕೆ ಕವಚ, ವಯಸ್ಸಿಗೆ ಸಾಕ್ಷಿ. ಹಿಡಿಗೆ ವಾರ್ನಿಶು ಬಳಿಯುವುದು ಬೇಡ. ಕೈಬೆವರು ಕುಡಿದ ಮರದ ಬಣ್ಣ ಅದರಡಿ ಸತ್ತುಹೋಗುತ್ತದೆ.

ಮಲೆನಾಡಿನ ಮಳೆಗಾಲವೇ ದೊಡ್ಡ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಗಾಜಿನ ಕಪಾಟು ಸುರಕ್ಷಿತವಲ್ಲ, ಒಳಗೆ ಸಿಕ್ಕಿದ ತೇವ ಹೊರಹೋಗುವುದಿಲ್ಲ. ಹಿಂದಿನವರು ಉಪಕರಣಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದರು. ಬೆಚ್ಚನೆಯ ಗಾಳಿ ತೇವ ಕಳೆಯುತ್ತಿತ್ತು, ಹೊಗೆಯ ಜಿಡ್ಡು ಲೋಹದ ಮೇಲೆ ತೆಳುವಾಗಿ ಕೂತು ತುಕ್ಕನ್ನು ತಡೆಯುತ್ತಿತ್ತು, ಹಿಡಿಗೆ ಹುಳ ಬೀಳುತ್ತಿರಲಿಲ್ಲ. ಗ್ಯಾಸಿನ ಒಲೆ ಬಂದ ಮನೆಯ ಅಟ್ಟದಲ್ಲಿ ಹತ್ತೇ ವರ್ಷದಲ್ಲಿ ಕತ್ತಿಗಳು ಹಾಳಾಗುವುದಕ್ಕೆ ಇದೇ ಕಾರಣ. ಈಗ ಹೊಗೆಯಿಲ್ಲದವರು ತೆರೆದ ಗೋಡೆಗೆ, ಗೋಡೆಯಿಂದ ಬೆರಳಿನಷ್ಟು ಅಂತರ ಬಿಟ್ಟು ತೂಗುಹಾಕಿ, ಮಳೆಗಾಲದ ಮೊದಲು ಮತ್ತು ನಡುವೆ ಎಣ್ಣೆ ಸವರಬೇಕು.

ಕಾನೂನಿನ ಕೆಲವು ಗೆರೆಗಳೂ ಇವೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ, ಗತಕಾಲದ ಕಲೆ, ಕಸುಬು, ಆಚಾರಗಳಿಗೆ ಸಾಕ್ಷಿಯಾಗುವ ವಸ್ತು 100 ವರ್ಷ ದಾಟಿದ್ದರೆ ಅದು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರಬಲ್ಲದು. ಅಂಥದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಗನ ಮನೆಯ ಗೋಡೆಗೆಂದು ಅಜ್ಜನ ಬಾಚಿಯನ್ನು ಪೆಟ್ಟಿಗೆಗೆ ಹಾಕುವ ಮೊದಲು ಇದನ್ನು ನೆನೆಯಬೇಕು. ಕಡವೆ ಅಥವಾ ಜಿಂಕೆಯ ಕೊಂಬಿನ, ದಂತದ ಹಿಡಿಯಿರುವ ಚಾಕು ಕತ್ತಿಗಳನ್ನು ಕೊಳ್ಳಲೇಬಾರದು. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡಬರುತ್ತದೆ. ಕಿರವತ್ತಿಯಂಥ ನಾಟಾ ಡಿಪೋಗಳಿರುವ ಈ ಸೀಮೆಯಲ್ಲಿ ದಿಮ್ಮಿಗೆ ಮುದ್ರೆ ಒತ್ತುವ ಅರಣ್ಯ ಇಲಾಖೆಯ ಹಳೆಯ ಸುತ್ತಿಗೆ ಕಣ್ಣಿಗೆ ಬೀಳಬಹುದು. ಎಷ್ಟೇ ಆಸೆಯಾದರೂ ಅದು ಇಲಾಖೆಗೆ ಹೋಗಬೇಕಾದ ವಸ್ತು.

ಕಾನೂನಿಗಿಂತ ಮೊದಲು ಮನೆಯವರ ಮನಸ್ಸು. ಸಾವಾದ ಮನೆಗೆ ವರ್ಷಾಂತಿಕ ಮುಗಿಯುವ ಮೊದಲು ಕಬ್ಬಿಣ ಕೇಳಿಕೊಂಡು ಹೋಗುವುದು ಸಲ್ಲದು. ಹೋದಾಗ ಗುಜರಿಯ ಬೆಲೆ ಹೇಳಿ ಎತ್ತಿಕೊಂಡು ಬರುವುದೂ ಸಲ್ಲದು. ವಸ್ತುವಿನ ಬೆಲೆ ನಿಮಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದಿದ್ದರೆ ಹೇಳುವುದು ನಿಮ್ಮ ಹೊಣೆ. ನವರಾತ್ರಿಯ ಆಯುಧಪೂಜೆಯ ದಿನ ಮನೆಯ ಉಪಕರಣಗಳೆಲ್ಲ ತೊಳೆದು ಕುಂಕುಮ ಹಚ್ಚಿಸಿಕೊಂಡು ಒಂದೆಡೆ ಕೂರುತ್ತವೆ. ಅಂದು ಹೋಗಿ ನೋಡಿ, ಕೇಳಿ. ಕೊಳ್ಳುವ ಮಾತು ಮಾತ್ರ ಬೇಡ. ಅಂದು ಕೇಳಬೇಕಾದ್ದು ಬಹಳವಿದೆ. ಇದನ್ನು ಈ ಮನೆಯಲ್ಲಿ ಏನೆಂದು ಕರೆಯುತ್ತಾರೆ? ಯಾವ ಊರಿನ ಕುಲುಮೆಯಲ್ಲಿ ಮಾಡಿಸಿದ್ದು? ಯಾರು ಹಿಡಿಯುತ್ತಿದ್ದರು? ಹಿಡಿ ಯಾವ ಮರದ್ದು, ಯಾಕೆ ಆ ಮರ? ಮಂಚಿಕೇರಿ ಕಡೆಯ ಹೆಸರು ಉಮ್ಮಚಗಿಯಲ್ಲಿ ಬೇರೆಯಿದ್ದೀತು. ತೋಟದ ಒಡೆಯರ ಮನೆಯಲ್ಲಿ ಗೊತ್ತಿಲ್ಲದ ಬಳಕೆ ತೋಟದಲ್ಲಿ ದುಡಿದ ಸಿದ್ದಿ, ಕುಣಬಿ, ಒಕ್ಕಲಿಗ ಮನೆಗಳ ಹಿರಿಯರಿಗೆ ಗೊತ್ತಿರುತ್ತದೆ. ಉಪಕರಣ ಒಬ್ಬರ ಮನೆಯದು, ಅದನ್ನು ಹಿಡಿದ ಕೈ ಬಹಳ ಸಲ ಇನ್ನೊಬ್ಬರದು. ಆ ಇನ್ನೊಬ್ಬರನ್ನು ಕೇಳದೆ ಬರೆದ ವಿವರ ಅರ್ಧ ಸುಳ್ಳು. ನನ್ನ ದೃಷ್ಟಿಯಲ್ಲಿ ಸಂಗ್ರಹವೆಂದರೆ ಮೊದಲು ಈ ಮಾತುಗಳ ಸಂಗ್ರಹ. ಕಬ್ಬಿಣ ಆಮೇಲಿನದು. ಮಾತು ಸಿಕ್ಕಿ ಕಬ್ಬಿಣ ಮನೆಯಲ್ಲೇ ಉಳಿದರೆ ಇನ್ನೂ ಒಳ್ಳೆಯದು.

ಜಪಾನಿನ ಕೋಬೆ ನಗರದಲ್ಲಿ 1984ರಲ್ಲಿ ಬಡಗಿ ಉಪಕರಣಗಳದೇ ಒಂದು ಸಂಗ್ರಹಾಲಯ ತೆರೆಯಿತು. ಅದನ್ನು ಕಟ್ಟಿದವರ ಆತಂಕ ನಮಗೂ ಅನ್ವಯಿಸುವಂಥದು: ಒಳ್ಳೆಯ ಉಪಕರಣವನ್ನು ಕಸುಬುದಾರ ಸವೆದು ಇಲ್ಲವಾಗುವವರೆಗೂ ಬಳಸುತ್ತಾನೆ, ಹಾಗಾಗಿ ಉತ್ತಮವಾದುದೇ ಉಳಿಯುವುದಿಲ್ಲ. ಅಟ್ಟದಲ್ಲಿ ಚೆನ್ನಾಗಿ ಉಳಿದಿರುವ ಕತ್ತಿ ಕೆಲವೊಮ್ಮೆ ಕೈಗೆ ಒಗ್ಗದೆ ಬದಿಗಿಟ್ಟದ್ದು. ಮೂರು ಬೆರಳಿನ ಅಗಲಕ್ಕೆ ಸವೆದ ತುಂಡೇ ಮನೆಯ ಮೆಚ್ಚಿನದಾಗಿದ್ದೀತು. ಅಂದವಾದದ್ದನ್ನು ಆರಿಸುವ ಕಣ್ಣಿಗೆ ಇದು ಕಾಣುವುದಿಲ್ಲ.

ನಮ್ಮಲ್ಲಿ ಮಾದರಿಗಳಿಲ್ಲ ಎನ್ನುವಂತಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡಹಬೇಕಿದ್ದ ಮನೆಗಳನ್ನು ಬಿಚ್ಚಿ ತಂದು ಮರುಕಟ್ಟಿದ ಪರಂಪರೆಯ ಹಳ್ಳಿ — ಎಲ್ಲವೂ ನೋಡಬೇಕಾದವೇ. ಆದರೆ ಒಂದು ಸೀಮೆಯ ಉಪಕರಣ ಆ ಸೀಮೆಯಲ್ಲೇ ಇದ್ದರೆ ಅದನ್ನು ಗುರುತಿಸುವ ಕಣ್ಣುಗಳು ಸುತ್ತಲೇ ಇರುತ್ತವೆ. ಹಳ್ಳಿಯ ಶಾಲೆಯ ಒಂದು ಗೋಡೆ ಇದಕ್ಕೆ ಸಾಕು. ಪ್ರತಿ ಉಪಕರಣಕ್ಕೂ ಹತ್ತಿಯ ದಾರದಲ್ಲಿ ಒಂದು ಚೀಟಿ, ಅದರಲ್ಲಿ ಒಂದು ಸಂಖ್ಯೆ. ಅದೇ ಸಂಖ್ಯೆಗೆ ನೋಟುಪುಸ್ತಕದಲ್ಲಿ ಊರು, ಮನೆ, ಹೆಸರು, ಬಳಕೆ, ಉದ್ದ, ತೂಕ, ಹೇಳಿದವರು ಯಾರು, ಯಾವ ದಿನ. ಲೋಹದ ಮೇಲೆ ಬಣ್ಣದಲ್ಲಿ ಬರೆಯಬೇಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ, ಸಾಧ್ಯವಾದರೆ ಅದನ್ನು ಬಳಸಿದವರ ಕೈಯಲ್ಲೇ ಕೊಟ್ಟು, ಅವರು ಹಿಡಿಯುವ ರೀತಿಯಲ್ಲೇ ಹಿಡಿಸಿ ಇನ್ನೊಂದು ತೆಗೆಯಿರಿ. ಮೆಟ್ಟುಗತ್ತಿಯ ಮುಂದೆ ಕುಳಿತ ಅಜ್ಜಿ ಸುಲಿಯುವುದನ್ನು ಫೋನಿನಲ್ಲಿ ಎರಡು ನಿಮಿಷ ಚಿತ್ರಿಸಿಕೊಳ್ಳಿ. ಬೆರಳು ಕಾಣುವಂತೆ ಎಡಗಡೆಯಿಂದ ಒಮ್ಮೆ, ಹಿಮ್ಮಡಿ ಕಾಣುವಂತೆ ನೆಲಮಟ್ಟದಿಂದ ಒಮ್ಮೆ.